ಹುಡುಗಿಯರ ಹೆಸರಿಗೆ ಬಂದ ಗಾಲ್ಫ್ ಕೋಲುಗಳು

ಸಿನಿವಾ ಯಾರನ್ನೂ ದ್ವೇಷಿಸುತ್ತಿರಲಿಲ್ಲ. ದ್ವೇಷಿಸಬೇಕಾದರೆ ಎದುರಿಗಿರುವವರಲ್ಲಿ ಒಂದಿಷ್ಟು ಗಟ್ಟಿತನವಾದರೂ ಇರಬೇಕು, ಅಂಥವರು ಅಪಿಯಾ ಪಟ್ಟಣದಲ್ಲಿ ತನ್ನ ಕಣ್ಣಿಗೆ ಬಿದ್ದಿಲ್ಲ ಎನ್ನುತ್ತಿದ್ದಳು. ಅವಳಿಗಿದ್ದದ್ದು ತಾತ್ಸಾರ. ಅದನ್ನು ಅವಳು ಯಾರಿಗೂ ಕಡಿಮೆ ಮಾಡಿದವಳಲ್ಲ.

ಬಂದರಿನ ಎದುರು ರಸ್ತೆಯಲ್ಲಿ ಸೆಮಿ ಆ ಫೂ ಎಂಬವನ ಕ್ಲಿಯರಿಂಗ್ ಕಚೇರಿ. ಹಡಗಿನಲ್ಲಿ ಬಂದ ಸಾಮಾನಿಗೆ ಸುಂಕದ ಕಾಗದ ಬರೆದು, ಕಟ್ಟಬೇಕಾದ್ದನ್ನು ಕಟ್ಟಿಸಿ, ಬಿಡಿಸಿ ಕೊಡುವುದು ಅಲ್ಲಿನ ಕೆಲಸ. ಸಿನಿವಾ ಅಲ್ಲಿ ಇಪ್ಪತ್ತಾರು ವರ್ಷ ಕೂತಿದ್ದಳು. ಜನ ಚರ್ಚಿನಲ್ಲಿ ಹೇಗೆ ಹಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದೇ ಜನ ಸೋಮವಾರ ಬೆಳಿಗ್ಗೆ ಸಾಮಾನಿನ ಪಟ್ಟಿ ಬರೆಯುವಾಗ ಹೇಗಿರುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಒಂದು ರಗ್ಬಿ ತಂಡದವರು ನಲವತ್ತು ಜೊತೆ ಮುಳ್ಳುಬೂಟು ತರಿಸಿ ‘ಮಕ್ಕಳ ಚಪ್ಪಲಿ’ ಎಂದು ಬರೆದಿದ್ದರು. ಒಬ್ಬ ಧರ್ಮಭೀರು ಬಾಕ್ಸಿಂಗ್ ಗವಸುಗಳ ಮೂಟೆಯನ್ನು ‘ಅಡುಗೆಮನೆ ಕೈಗವಸು’ ಎಂದಿದ್ದ. "ಒಲೆಯಿಂದ ಪಾತ್ರೆ ಇಳಿಸೋಕೆ ಇಷ್ಟು ದಪ್ಪ ಬೇಕಾ? ನಿಮ್ಮನೇಲಿ ಏನು ಅಡುಗೆ ಮಾಡ್ತಾರೆ?" ಎಂದು ಸಿನಿವಾ ಕೇಳಿದಾಗ ಅವನು ಬೈಬಲ್ಲಿನ ಮೇಲೆ ಆಣೆ ಇಡಲು ಹೋದ. "ಬೇಡ, ಪುಸ್ತಕ ಕೊಳೆಯಾಗುತ್ತೆ" ಎಂದಳು.

ಅವಳು ಹುಟ್ಟಿದ್ದು ಸವಾಯಿ ದ್ವೀಪದಲ್ಲಿ. ಅಪ್ಪ ಸಲೆಲೊಲೊಗಾದ ದೋಣಿಕಟ್ಟೆಯಲ್ಲಿ ಇಳಿಯುವ ಮೂಟೆ ಎಣಿಸುತ್ತಿದ್ದ. ಹತ್ತೊಂಬತ್ತಕ್ಕೆ ಟೈಪು ಮಾಡುವ ಕೆಲಸಕ್ಕೆಂದು ಅಪಿಯಾಕ್ಕೆ ಬಂದಳು. ಗಂಡ ಸಮುದ್ರದಾಚೆ ಪಾಗೊ ಪಾಗೊದ ಮೀನಿನ ಕಾರ್ಖಾನೆಗೆ ಹೋದವನು ಎರಡು ವರ್ಷ ಕಾಗದ ಬರೆದು ಆಮೇಲೆ ನಿಲ್ಲಿಸಿದ. ಅದರ ಬಗ್ಗೆ ಯಾರಾದರೂ ಕೇಳಿದರೆ, "ಅವನ ಕಾಗದದಲ್ಲೂ ವಿವರ ಸರಿ ಇರ್ಲಿಲ್ಲ" ಎನ್ನುವಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಸುಂಕದ ಏಜೆಂಟರ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದಳು. ಯಜಮಾನ ಸೆಮಿ ಮೂರು ಸಲ ಕೂತು ಮೂರು ಸಲವೂ ಡುಮ್ಕಿ ಹೊಡೆದಿದ್ದ. ಹೀಗಾಗಿ ಬೋರ್ಡಿನ ಮೇಲಿದ್ದದ್ದು ಸೆಮಿಯ ಹೆಸರು, ಕಾಗದದ ಕೆಳಗೆ ಬೀಳುತ್ತಿದ್ದದ್ದು ಸಿನಿವಾಳ ರುಜು ಮತ್ತು ಅವಳ ಲೈಸೆನ್ಸ್ ನಂಬರು.

ಆ ರುಜು ಒಂದೇ ಒಂದು ಸಲ ಸುಳ್ಳಿನ ಕೆಳಗೆ ಬಿದ್ದಿತ್ತು. ಹನ್ನೊಂದು ವರ್ಷದ ಹಿಂದೆ, ಯಾರದೋ ಅಳಿಯನ ವ್ಯಾಯಾಮದ ಯಂತ್ರಗಳು ಆಸ್ಪತ್ರೆ ಸಾಮಾನಿನ ಹೆಸರಲ್ಲಿ ಬಂದಾಗ, ಸೆಮಿ ಕೈಮುಗಿದು ಗೋಗರೆದ. ಅವಳು ಹಾಕಿಕೊಟ್ಟಳು. ಯಾರೂ ಹಿಡಿಯಲಿಲ್ಲ, ಯಾರೂ ಕೇಳಲಿಲ್ಲ. ಆದರೆ ಅಂದಿನಿಂದ ಊರವರನ್ನೆಲ್ಲ ಅಳೆಯುವ ಕೋಲಿನಲ್ಲೇ ಅವಳು ತನ್ನನ್ನೂ ಅಳೆದುಕೊಂಡಳು. ಕನ್ನಡಿಯ ಮುಂದೆ ತಲೆ ಬಾಚುವಾಗ ಒಮ್ಮೊಮ್ಮೆ, "ನೀನೂ ಅಷ್ಟೇ ಬಿಡು" ಎಂದುಕೊಳ್ಳುತ್ತಿದ್ದಳು.

ಇಂಥವಳ ಮೇಜಿಗೆ ಒಂದು ಮೇ ತಿಂಗಳಲ್ಲಿ ಲೆಪಾಲೆ ವಿಲಿಯಾಮು ಕಳಿಸಿದ ಕಾಗದ ಬಂತು.

ಲೆಪಾಲೆ ತನ್ನ ಮನೆತನದ ಮತಾಯ್, ಅಂದರೆ ಪಟ್ಟ ಹೊತ್ತ ಹಿರಿಯ. ಮೇಲಾಗಿ ಯುವ ಕ್ರೀಡಾ ಮಂಡಳಿ ಎಂಬುದೊಂದರ ಅಧ್ಯಕ್ಷ. ಆ ಮಂಡಳಿ ಯಾವ ಆಟ ಆಡಿಸಿತು ಎಂದು ಯಾರಿಗೂ ನೆನಪಿರಲಿಲ್ಲ, ಆದರೆ ಎಲ್ಲ ಆಟದ ಬಹುಮಾನವನ್ನೂ ಲೆಪಾಲೆಯೇ ಹಂಚುತ್ತಿದ್ದ. ಸೊಂಟಕ್ಕೆ ಸುತ್ತಿದ, ಇಸ್ತ್ರಿಯ ಮಡಿಕೆ ಮುರಿಯದ ಲಾವಾಲಾವಾ ಪಂಚೆ, ಹೂವಿನ ಅಂಗಿ, ಕಿವಿಯ ಹಿಂದೆ ಒಂದು ಪೆನ್ನು. ಹತ್ತು ಜನ ನಿಂತಿದ್ದರೆ ಸಾಕು, ಹಿರಿಯರ ಸಭೆಯ ಗಂಭೀರ ಭಾಷೆಯಲ್ಲಿ ಭಾಷಣ ಶುರು ಮಾಡಿಬಿಡುವನು. ಮಧ್ಯಾಹ್ನ ನಾಲ್ಕಾದರೆ ಗಾಲ್ಫ್ ಮೈದಾನ.

ಕಾಗದದಲ್ಲಿದ್ದದ್ದು ಇಷ್ಟು: ಬ್ರಿಸ್ಬೇನ್‌ನಿಂದ ಒಂದು ಕಂಟೇನರ್, ಒಳಗೆ ವೇಟ್‌ಲಿಫ್ಟಿಂಗ್ ಸಾಮಾನು, ತರಿಸಿದವರು ಫಲೆಯಾಸಾ ಊರಿನ ಹುಡುಗಿಯರ ವೇಟ್‌ಲಿಫ್ಟಿಂಗ್ ಕ್ಲಬ್ಬು. ಊರಿನ ಕ್ಲಬ್ಬು, ಶಾಲೆಗಳ ಹೆಸರಿಗೆ ಬರುವ ಆಟದ ಸಾಮಾನಿಗೆ, ಸರ್ಕಾರದ ವಿನಾಯಿತಿ ಪತ್ರವಿದ್ದರೆ, ಸುಂಕವಿಲ್ಲ. ವಿನಾಯಿತಿ ಪತ್ರ ಸರಿಯಾಗಿತ್ತು, ಮುದ್ರೆಗಳೆಲ್ಲ ನೆಟ್ಟಗಿದ್ದವು. ಎಲ್ಲವೂ ಇಷ್ಟು ಸರಿ ಇದ್ದದ್ದೇ ಸಿನಿವಾಳಿಗೆ ಸರಿ ಕಾಣಲಿಲ್ಲ. ಫಲೆಯಾಸಾದ ಹುಡುಗಿಯರನ್ನು ಅವಳು ಬಸ್ಸಿನಿಂದ ನೋಡಿದ್ದಳು. ಪೇಂಟಿನ ಡಬ್ಬಕ್ಕೆ ಕಾಂಕ್ರೀಟು ತುಂಬಿಸಿ, ನೀರಿನ ಪೈಪಿನ ಎರಡು ತುದಿಗೆ ಸಿಕ್ಕಿಸಿ, ಹಲಸಿನ ಜಾತಿಯ ಉಲು ಮರದ ಕೆಳಗೆ ಎತ್ತುತ್ತಿದ್ದರು. ಅವರಿಗೆ ಕಂಟೇನರು ತುಂಬ ಸಾಮಾನು?

ಸುಂಕದ ಅಧಿಕಾರಿ ಇಯೋಸೆಫೋ ಬಾಗಿಲು ತೆಗೆಸಿ ನೋಡಬೇಕೆಂದ. ಸೋಮಾರಿ ಮನುಷ್ಯ, ಆದರೆ ಸುಳ್ಳು ಹೇಳಲೂ ಸೋಮಾರಿತನ, ಹಾಗಾಗಿ ಸಿನಿವಾಳ ಪಟ್ಟಿಯಲ್ಲಿ ಅವನಿಗೆ ಸ್ವಲ್ಪ ಮೇಲಿನ ಜಾಗವಿತ್ತು. ಸೀಲು ಒಡೆದು ಬಾಗಿಲು ತೆರೆದರು. ಬಾಗಿಲಿಗೆ ತಾಗಿ ಹೊಚ್ಚಹೊಸ ಕಬ್ಬಿಣದ ರಾಡು ಒಂದು, ಬಣ್ಣದ ಪ್ಲೇಟುಗಳು ಕೆಲವು. ಅದರ ಹಿಂದೆ ಗೋಡೆಯ ಹಾಗೆ ನಿಂತಿದ್ದವು ಗಾಲ್ಫ್ ಚೀಲಗಳು, ಕೋಲುಗಳ ಸಮೇತ, ಹನ್ನೆರಡು. ಅದರ ಹಿಂದೆ ಓಡುವ ಯಂತ್ರ. ಅದರ ಹಿಂದೆ, ಪ್ಲಾಸ್ಟಿಕ್ ಸುತ್ತಿದ ಒಂದು ದೊಡ್ಡ ಮಸಾಜ್ ಕುರ್ಚಿ.

ಅಷ್ಟರಲ್ಲಿ ಲೆಪಾಲೆಯ ಕಾರು ಬಂತು. ಇಳಿದವನೇ ನಗುತ್ತಾ, "ಏನಮ್ಮಾ ತಂಗಿ, ಎಲ್ಲಾ ಸರಿಯಾಗಿ ಬಂದಿದೆಯಾ?" ಎಂದ.

"ಬಂದಿದೆ ಯಜಮಾನ್ರೇ. ಜಾಸ್ತೀನೇ ಬಂದಿದೆ. ಇದೇನು?"

"ಗಾಲ್ಫ್. ಅದೂ ಆಟಾನೇ ಅಲ್ವೇನಮ್ಮ?"

"ಆಟಾನೇ. ಕಾಗದದಲ್ಲಿ ಭಾರ ಎತ್ತೋ ಸಾಮಾನು ಅಂತಿದೆ."

"ಆ ಚೀಲ ಒಂದ್ಸಲ ಎತ್ತಿ ನೋಡು. ಭಾರ ಇಲ್ವಾ?"

ಇಯೋಸೆಫೋ ಕೆಮ್ಮಿದ. ಸಿನಿವಾ ನಗಲಿಲ್ಲ. ಪೆನ್ನಿನ ತುದಿಯಿಂದ ಕುರ್ಚಿಯ ಕಡೆ ತೋರಿಸಿದಳು.

"ಎತ್ತಿ ಎತ್ತಿ ಹುಡುಗೀರಿಗೆ ಬೆನ್ನು ನೋವು ಬರಲ್ವಾ?" ಎಂದ ಲೆಪಾಲೆ.

"ಅವರಿಗೆ ಬಂದಿಲ್ಲ ಬಿಡಿ. ಯಾವ ಭಾರ ಎತ್ತಿ ನಿಮಗೆ ಬಂತೋ ನಾ ಕಾಣೆ."

ಲೆಪಾಲೆಯ ನಗು ಅಲ್ಲಿಗೇ ನಿಂತಿತು. "ನೀನು ಯಾರ ಹತ್ರ ಮಾತಾಡ್ತಿದೀಯ ಗೊತ್ತಾ?" ಎಂದ.

"ಗೊತ್ತು. ಆದ್ರೆ ಕಾಗದದಲ್ಲಿ ನಿಮ್ಮ ಹೆಸರು ಎಲ್ಲೂ ಇಲ್ಲ" ಎಂದು ಸಿನಿವಾ ಕಂಡದ್ದನ್ನು ಕಂಡ ಹಾಗೆ ಬರೆಯತೊಡಗಿದಳು. ಗಾಲ್ಫ್ ಚೀಲ ಹನ್ನೆರಡು. ಓಡುವ ಯಂತ್ರ ಒಂದು. ಕುರ್ಚಿ ಒಂದು.

ಕಚೇರಿಗೆ ಬಂದರೆ ಸೆಮಿ ಆಗಲೇ ಬೆವರುತ್ತಿದ್ದ. ಫೋನು ಬಂದಿತ್ತು.

"ಸಿನಿವಾ, ಮೊದಲು ಇದ್ದ ಕಾಗದಕ್ಕೇ ಒಂದು ರುಜು ಹಾಕ್ಬಿಡು. ಸಮುದ್ರ ಏನೂ ಬತ್ತಿ ಹೋಗಲ್ಲ."

"ನೀವೇ ಹಾಕಿ."

"ನನ್ನ ಹತ್ರ ಲೈಸೆನ್ಸ್ ಎಲ್ಲಿದೆ?"

"ಹೌದಲ್ವಾ. ಪರೀಕ್ಷೆ ಮತ್ತೆ ಆಗಸ್ಟಲ್ಲಿದೆ. ಇನ್ನೊಂದ್ಸಲ ಕೂತ್ಕೊಳ್ಳಿ."

ಸೆಮಿ ಬಾಗಿಲು ದಢಾರನೆ ಹಾಕಿಕೊಂಡು ಒಳಗೆ ಹೋದ. ಸಾಮಾನು ಬಂದರಿನ ಗೋದಾಮು ಸೇರಿತು.

ಭಾನುವಾರ ಚರ್ಚು ಮುಗಿದ ಮೇಲೆ ಎಂದಿನಂತೆ ಅಣ್ಣ ತಾನಿಯೆಲುವಿನ ಮನೆಯಲ್ಲಿ ಊಟ. ಕಲ್ಲೊಲೆಯಲ್ಲಿ ಬೆಂದ ಕೆಸುವಿನ ಗೆಡ್ಡೆ, ತೆಂಗಿನ ಹಾಲು ತುಂಬಿದ ಕೆಸುವಿನೆಲೆ, ಮೀನು. ಅದರ ಜೊತೆಗೆ ಅಂದು ಡಬ್ಬಿಯ ಗೋಮಾಂಸವೂ ಇತ್ತು. ಮೂಲೆಯಲ್ಲಿ ಆ ಡಬ್ಬಿಗಳದೇ ಒಂದು ಪೆಟ್ಟಿಗೆ.

"ಇದೆಲ್ಲಿಂದ ಬಂತು ಅಣ್ಣ?" ಎಂದಳು ಸಿನಿವಾ.

ತಾನಿಯೆಲು ಕೈ ಒರೆಸಿಕೊಂಡು ನೆಟ್ಟಗೆ ಕೂತ. ಅವನೂ ಮನೆತನದ ಹಿರಿಯನೇ, ಮಾತು ತೂಗಿ ಆಡುವ ಅಭ್ಯಾಸ. "ಲೆಪಾಲೆಯವರು ಕಳಿಸಿದ್ರು. ದೊಡ್ಡ ಮನುಷ್ಯರು, ತಾವಾಗಿ ಮನೆ ಬಾಗಿಲಿಗೆ ಬಂದ್ರು. ನೋಡು ತಂಗಿ, ನಾಳೆ ನಮ್ಮನೇಲಿ ಒಂದು ಸಾವೋ ಮದುವೆಯೋ ಆದ್ರೆ ಮುಯ್ಯಿಗೆ ನೇಯ್ದ ಚಾಪೆ ಹಿಡ್ಕೊಂಡು ಬರೋರು ಅವರೇ. ಗೋಲಿ ಹೊಡೆಯೋ ಕೋಲಿಗಾಗಿ ಅವರ ಮುಖ ಕೆಡಿಸ್ಬೇಡ."

"ಆ ಪೆಟ್ಟಿಗೆ ವಾಪಸ್ ಕಳಿಸು."

"ಎರಡು ಡಬ್ಬಿ ಒಡೆದಾಯ್ತಲ್ಲ."

"ಹಾಗಾದ್ರೆ ನಿನ್ನ ಬೆಲೆ ಎರಡು ಡಬ್ಬಿ. ನಂದು ಎಷ್ಟು ಅಂತ ಅವರಿಗೆ ಹೇಳಿ ಕಳಿಸಿದ್ದೀಯ?"

ಅತ್ತಿಗೆ ತಲೆ ತಗ್ಗಿಸಿದಳು. ತಾನಿಯೆಲು, "ನಿನ್ನ ನಾಲಿಗೆಯಿಂದಾನೇ ಆ ಗಂಡ ಪಾಗೊ ಪಾಗೊದಲ್ಲಿ ಉಳ್ಕೊಂಡಿದ್ದು" ಎಂದುಬಿಟ್ಟ. ಸಿನಿವಾ ಗೆಡ್ಡೆಯ ತುಂಡನ್ನು ಎಲೆಯ ಮೇಲಿಟ್ಟು ಎದ್ದಳು. ಬಸ್ಸು ಇಲ್ಲದ ದಿನ. ಬಿಸಿಲಿನಲ್ಲಿ ಮನೆವರೆಗೂ ನಡೆದಳು. ಆ ಮಾತು ಚುಚ್ಚಲಿಲ್ಲ ಎಂದರೆ ಸುಳ್ಳು. ಆದರೆ ಎರಡು ಡಬ್ಬಿ ಮಾಂಸ ತಿಂದವನ ಬಾಯಿಂದ ಬಂದದ್ದು ಎಂಬುದರಿಂದ ನೋವು ಬೇಗ ಆರಿತು.

ಅವಳು ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದದ್ದು ಮಸೆಲಿನಾಳನ್ನು.

ಮಸೆಲಿನಾ ಫಲೆಯಾಸಾದ ಹುಡುಗಿಯರಿಗೆ ಭಾರ ಎತ್ತುವುದನ್ನು ಕಲಿಸುವವಳು. ಹಗಲು ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕೆಲಸ. ಅಗಲ ಭುಜ, ಗಟ್ಟಿ ಕೈ. ಬುಧವಾರ ಕಚೇರಿಗೆ ನುಗ್ಗಿದವಳು ಕೂರಲೂ ಇಲ್ಲ.

"ನೀವೇ ತಾನೇ ಸಿನಿವಾ ಅಂದ್ರೆ? ನಮ್ಮ ರಾಡು ಗೋದಾಮಲ್ಲಿ ಕೊಳೀತಾ ಇದೆ. ಮೂರು ವಾರದಲ್ಲಿ ಪಂದ್ಯ ಇದೆ. ನಿಮ್ಮ ರುಜು ಶುದ್ಧವಾಗಿರ್ಬೇಕು ಅಂತ ನನ್ನ ಹುಡುಗೀರು ಇನ್ನೂ ಪೇಂಟ್ ಡಬ್ಬ ಎತ್ಬೇಕಾ?"

ಸಿನಿವಾಳಿಗೆ ಇದು ಹೊಸದು. ಅವಳ ಮುಂದೆ ಜನ ಬೇಡುತ್ತಿದ್ದರು, ಇಲ್ಲವೇ ಗದರಿಸುತ್ತಿದ್ದರು. ಇವಳು ಬೈಯುತ್ತಿದ್ದಳು, ಮತ್ತು ಬೈಗುಳದಲ್ಲಿ ನ್ಯಾಯವಿತ್ತು. ಅದನ್ನು ಒಪ್ಪಿಕೊಳ್ಳುವ ಬದಲು ಸಿನಿವಾ ಕಡತ ತೆಗೆದು ಆ ವಿನಾಯಿತಿ ಪತ್ರ ಮುಂದೆ ಹಿಡಿದಳು.

"ಈ ರುಜು ಯಾರದ್ದು?"

"ನಂದು. ಕ್ಲಬ್ಬಿನ ಕಾರ್ಯದರ್ಶಿ ನಾನೇ."

"ನಿನ್ನ ರುಜು ಮೇಲೆ ಹನ್ನೆರಡು ಗಾಲ್ಫ್ ಚೀಲ ಬಂದಿವೆ. ಓದ್ಲಿಲ್ವಾ?"

"ಲೆಪಾಲೆಯವರು ಖಾಲಿ ಹಾಳೆ ಮೇಲೆ ಹಾಕಿಸ್ಕೊಂಡ್ರು. ಖಾಲಿ ಹಾಳೇಲಿ ಓದೋಕೆ ಏನಿತ್ತು?"

"ಖಾಲಿ ಹಾಳೆಗೆ ರುಜು ಹಾಕೋರಿಗೆ ಪೇಂಟ್ ಡಬ್ಬಾನೇ ಸರಿ" ಎಂದಳು ಸಿನಿವಾ.

ಮಸೆಲಿನಾಳ ಮುಖ ಕೆಂಪಾಯಿತು. "ಒಂದು ರಾಡು ಕೊಡಿಸ್ತೀನಿ ಅಂದ್ರು. ಹತ್ತು ವರ್ಷದಲ್ಲಿ ಯಾರೂ ಅಷ್ಟೂ ಅಂದಿರ್ಲಿಲ್ಲ. ನೀವು ಅಂದಿದ್ರಾ?" ಎಂದವಳೇ ಹೊರಟುಬಿಟ್ಟಳು. ಅವಳು ಹೋದ ಮೇಲೆ ಸಿನಿವಾ ಇಡೀ ಕಡತವನ್ನು ಮೊದಲಿನಿಂದ ಬಿಡಿಸಿದಳು. ಹಡಗಿನ ಬಿಲ್ಲನ್ನು ಮತ್ತೊಮ್ಮೆ ಓದಿದಳು. ಸಾಮಾನು ಯಾರಿಗೆ ತಲುಪಬೇಕು ಎಂಬ ಜಾಗದಲ್ಲಿ ಕ್ಲಬ್ಬಿನ ಹೆಸರು. ಮಾರಿದವನ ರಶೀದಿಯಲ್ಲೂ ಕ್ಲಬ್ಬಿನ ಹೆಸರು. ಹಣ ಕಟ್ಟಿದವರು ಎಂಬಲ್ಲಿಯೂ ಅದೇ. ಸುಂಕ ತಪ್ಪಿಸಲೆಂದು ಲೆಪಾಲೆ ತನ್ನ ಹೆಸರನ್ನು ಎಷ್ಟು ನೀಟಾಗಿ ಒರೆಸಿ ಹಾಕಿದ್ದನೆಂದರೆ, ಆ ಇಡೀ ಕಂಟೇನರಿನಲ್ಲಿ ಒಂದು ಮೊಳೆಯೂ ಅವನದಾಗಿ ಉಳಿದಿರಲಿಲ್ಲ.

ಸಿನಿವಾ ಗಟ್ಟಿಯಾಗಿ ನಕ್ಕಳು. ಸೆಮಿ ಬಾಗಿಲು ತೆಗೆದು ನೋಡಿ, ಹೆದರಿ, ಮತ್ತೆ ಹಾಕಿಕೊಂಡ.

ಆದರೂ ಅವಳು ನೇರವಾಗಿ ನಡೆದುಕೊಂಡಳು. ಸುಳ್ಳೆಂದು ಗೊತ್ತಿರುವ ಕಾಗದದ ಲಾಭ ಪಡೆಯುವುದೂ ಒಂದು ಬಗೆಯ ಸುಳ್ಳೇ. ಹನ್ನೊಂದು ವರ್ಷದ ಹಿಂದಿನದು ಸಾಕಾಗಿತ್ತು. ಇಯೋಸೆಫೋನ ಎದುರಿಗೇ ಲೆಪಾಲೆಗೆ ಒಂದು ನೋಟಿಸು ಬರೆದಳು: ಸಾಮಾನು ತಮ್ಮದಾಗಿದ್ದರೆ ಏಳು ದಿನದೊಳಗೆ ಹಾಗೆಂದು ಬರೆದುಕೊಟ್ಟು, ಸುಂಕ ಮತ್ತು ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಇಲ್ಲವಾದರೆ ಕಾಗದದ ಪ್ರಕಾರ ಅದು ಕ್ಲಬ್ಬಿನದು.

ಏಳನೆಯ ದಿನ ಲೆಪಾಲೆ ಬಂದ. ಕಾರು ರಸ್ತೆಯಲ್ಲಿ ಅಡ್ಡ ನಿಂತಿತು. ಸಭೆಯ ಭಾಷೆ ಮನೆಯಲ್ಲಿ ಬಿಟ್ಟುಬಂದಿದ್ದ.

"ಆ ಸಾಮಾನು ನಂದು!"

"ಹಾಗಂತ ಬರೆದುಕೊಡಿ ಯಜಮಾನ್ರೇ. ಕೂತ್ಕೊಳ್ಳಿ, ನಾನೇ ಟೈಪ್ ಮಾಡ್ತೀನಿ. ‘ಹುಡುಗಿಯರ ಹೆಸರಿನಲ್ಲಿ ನನ್ನ ಗಾಲ್ಫ್ ಕೋಲುಗಳನ್ನು ತರಿಸಿಕೊಂಡೆ.’ ಇಷ್ಟೇ. ಕುರ್ಚಿ ಸೇರಿಸ್ಲಾ, ಬೇಡ್ವಾ?"

"ದುಡ್ಡು ನಾನು ಕೊಟ್ಟಿದ್ದು!"

"ರಶೀದೀಲಿ ಕ್ಲಬ್ಬು ಕೊಟ್ಟಿದೆ ಅಂತಿದೆ. ಆ ಬಟ್ಟೆ ಒಗೆಯೋ ಹೆಂಗಸು ದುಡ್ಡು ಕೊಟ್ಟಿದ್ದಾಳೆ ಅಂತ ನೀವೇ ಬರೆದಿದ್ದೀರ. ನಿಮ್ಮ ಮಾತು ನಾನು ನಂಬ್ಬೇಡ್ವಾ?"

ಲೆಪಾಲೆ ಸೆಮಿಯ ಕಡೆ ತಿರುಗಿದ. ಸೆಮಿ ಒಂದು ಖಾಲಿ ಲಕೋಟೆಯನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ.

ಟೈಪು ಯಂತ್ರಕ್ಕೆ ಹಾಳೆ ಸಿಕ್ಕಿಸಿ ಸಿನಿವಾ ಕಾದಳು. ಲೆಪಾಲೆ ಆ ಹಾಳೆಯನ್ನೇ ನೋಡುತ್ತಾ ನಿಂತ. ಅದಕ್ಕೆ ರುಜು ಹಾಕಿದರೆ ಕೋಲು ಸಿಗುತ್ತದೆ, ಅಧ್ಯಕ್ಷಗಿರಿ ಹೋಗುತ್ತದೆ, ಪೊಲೀಸರೂ ಬಂದಾರು. ಕಿವಿಯ ಹಿಂದಿನ ಪೆನ್ನಿಗೆ ಕೈ ಹೋಗಿ ವಾಪಸು ಬಂತು. ಅಷ್ಟು ದೊಡ್ಡ ಮನುಷ್ಯ ಅಷ್ಟು ಚಿಕ್ಕವನಾಗುವುದನ್ನು ಹತ್ತಿರದಿಂದ ನೋಡಿದಾಗ ಸಿನಿವಾಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇಷ್ಟೇನಾ, ಇವನಿಗೆ ಹೆದರಿಯೇ ಊರೆಲ್ಲ ಬಗ್ಗಿ ನಡೆದದ್ದು, ಎಂದು ಬೇಸರವಾಯಿತು.

"ಉಡುಗೊರೆ ಅಂದ್ಕೊಳ್ಳಿ" ಎಂದು ಗೊಣಗಿ ಅವನು ಹೊರಟುಹೋದ.

ಮಸೆಲಿನಾಳನ್ನು ಕರೆಸಿ ಹೊಸ ಕಾಗದ ಬರೆದರು. ಈ ಸಲ ಪ್ರತಿ ಸಾಲನ್ನೂ ಅವಳಿಂದ ಗಟ್ಟಿಯಾಗಿ ಓದಿಸಿಯೇ ಸಿನಿವಾ ರುಜು ತೆಗೆದುಕೊಂಡಳು. ರಾಡು, ಪ್ಲೇಟುಗಳಿಗೆ ವಿನಾಯಿತಿ. ಉಳಿದದ್ದು ವಿನಾಯಿತಿ ಪತ್ರದಲ್ಲಿಲ್ಲ, ಅದಕ್ಕೆ ಪೂರ್ತಿ ಸುಂಕ. ಅದನ್ನು ಕಟ್ಟುವ ಶಕ್ತಿ ಕ್ಲಬ್ಬಿಗೆಲ್ಲಿಯದು? ದಕ್ಷಿಣ ತೀರದ ಒಂದು ಹೋಟೆಲಿನವರು ಗಾಲ್ಫ್ ಸಾಮಾನು ಬೇಕೆಂದು ಹಿಂದೆ ವಿಚಾರಿಸಿದ್ದರು. ಸುಂಕ ಅವರೇ ಕಟ್ಟಿ, ಕ್ಲಬ್ಬಿಗೆ ಬೆಲೆಯನ್ನೂ ಕೊಟ್ಟು, ಕೋಲುಗಳನ್ನೂ ಓಡುವ ಯಂತ್ರವನ್ನೂ ಒಯ್ದರು. ಆ ದುಡ್ಡಿಗೆ ಇನ್ನೆರಡು ರಾಡು, ಹುಡುಗಿಯರಿಗೆ ಬೂಟು, ಎತ್ತುವ ಜಾಗಕ್ಕೆ ಹಲಗೆ ಬಂತು. ಕುರ್ಚಿಯನ್ನು ಹೋಟೆಲಿನವರು ಬೇಡವೆಂದರು. ಅದು ಹರಾಜಿಗೆ ಹೋಯಿತು.

ಸಾಮಾನು ಒಪ್ಪಿಸುವ ದಿನ ಫಲೆಯಾಸಾದಲ್ಲಿ ಸಮಾರಂಭ. ಡೆಲಿವರಿ ಕಾಗದಕ್ಕೆ ಮುದ್ರೆ ಹಾಕಿಸಬೇಕಿತ್ತೆಂದು ಸಿನಿವಾ ಹೋದಳು. ಹೋಗಿ ನೋಡಿದರೆ ವೇದಿಕೆಯ ನಡುವಿನ ಕುರ್ಚಿಯಲ್ಲಿ, ಕೊರಳ ತುಂಬ ಹೂಮಾಲೆ ಹಾಕಿಕೊಂಡು, ದಾನಿಯೆಂದು ಲೆಪಾಲೆಯೇ ಕೂತಿದ್ದ! ಪಾದ್ರಿ ಅವನ ದೊಡ್ಡ ಮನಸ್ಸನ್ನು ಹೊಗಳಿ ಪ್ರಾರ್ಥನೆ ಮಾಡಿದರು. ಅವನು ಎದ್ದು ನಿಂತು, ಹೆಣ್ಣುಮಕ್ಕಳ ಏಳಿಗೆಗಾಗಿ ತಾನು ಪಟ್ಟ ಪಾಡನ್ನು ಮುಕ್ಕಾಲು ಗಂಟೆ ವರ್ಣಿಸಿದ. ಮಾತಿನ ಮಧ್ಯೆ ಧ್ವನಿ ನಡುಗಿತು, ಕಣ್ಣೂ ಒದ್ದೆಯಾಯಿತು. ತಾನಿಯೆಲು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದ.

"ಇವನನ್ನ ಯಾರು ಕರೆದಿದ್ದು?" ಎಂದು ಸಿನಿವಾ ಮಸೆಲಿನಾಳ ಕಿವಿಯಲ್ಲಿ ಕೇಳಿದಳು.

"ಯಾರೂ ಕರೀಲಿಲ್ಲ. ಬಂದ್ರು, ಕೂತ್ರು. ಎಬ್ಬಿಸೋರು ಯಾರು?"

"ಅಷ್ಟು ಭಾರ ಎತ್ತೋಳು ನೀನು. ಎಬ್ಬಿಸೋಕಾಗಲ್ವಾ?"

"ಮಾತಾಡ್ಕೊಳ್ಳಿ ಬಿಡಿ ಅಕ್ಕ. ರಾಡು ನಮ್ಮ ಹತ್ರ ಇದೆಯಲ್ಲ."

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಹಲಗೆಯ ಮೇಲೆ ಬಂದು ನಿಂತಳು. ಹದಿನಾರೋ ಹದಿನೇಳೋ ಇರಬಹುದು, ಕಾಲಲ್ಲಿ ಹೊಸ ಬೂಟು. ಅಂಗೈಗೆ ಬಿಳಿಪುಡಿ ಉಜ್ಜಿ, ಬಗ್ಗಿ, ಉಸಿರು ಹಿಡಿದು ರಾಡನ್ನು ಒಂದೇ ಏಟಿಗೆ ತಲೆಯ ಮೇಲೆ ಎತ್ತಿದಳು. ತೋಳು ಒಂದಿಷ್ಟೂ ಅಲುಗಲಿಲ್ಲ. ಲೆಪಾಲೆ ಹಾರಗಳ ನಡುವಿನಿಂದ ಚಪ್ಪಾಳೆ ತಟ್ಟುವ ಮೊದಲೇ ಅವಳು ರಾಡನ್ನು ಕೈಬಿಟ್ಟಳು. ಧಡ್ಡೆಂದು ನೆಲ ನಡುಗಿತು, ವೇದಿಕೆಯೂ ನಡುಗಿತು. ಸಿನಿವಾ ಆ ಹುಡುಗಿಯಲ್ಲಿ ತೆಗಳಲು ಏನಾದರೂ ಸಿಕ್ಕೀತೇ ಎಂದು ಅಭ್ಯಾಸಬಲದಿಂದ ಹುಡುಕಿದಳು. ಸಿಗಲಿಲ್ಲ.

ಆಗಸ್ಟಿನಲ್ಲಿ ಸೆಮಿ ನಾಲ್ಕನೆಯ ಸಲ ಪರೀಕ್ಷೆಗೆ ಕೂತ. ಹೇಗೋ ಪಾಸಾದ. ಮಾರನೆಯ ವಾರವೇ ಸಿನಿವಾಳ ಮೇಜು ಶೌಚಾಲಯದ ಪಕ್ಕಕ್ಕೆ ಹೋಯಿತು. ಅವಳು ಒಂದು ದಿನ ಅಲ್ಲಿ ಕೂತು, ಎರಡನೆಯ ದಿನ ತನ್ನ ಮುದ್ರೆ, ಲೈಸೆನ್ಸು, ಕಪ್ಪು ಕೋಕೋ ಕುಡಿಯುವ ಲೋಟ ಚೀಲಕ್ಕೆ ಹಾಕಿಕೊಂಡು ಹೊರಟಳು. ಈಗ ಒಂದು ಟೈರ್ ಅಂಗಡಿಯ ಹಿಂದಿನ ಅರ್ಧ ಕೋಣೆಯಲ್ಲಿ ಅವಳ ಕಚೇರಿ. ಮೊದಲಿನ ಗಳಿಕೆಯಿಲ್ಲ. ಅಣ್ಣನ ಮನೆಯ ಭಾನುವಾರದ ಊಟವೂ ಇಲ್ಲ. ದೊಡ್ಡವರು ಬರುವುದಿಲ್ಲ, ಶಾಲೆಯವರು, ಊರಿನ ತಂಡದವರು ಬರುತ್ತಾರೆ, ಚೆಂಡು, ಬಲೆ, ಬೂಟುಗಳ ಕಾಗದ ಹಿಡಿದು. ಅವರಲ್ಲೂ ಅರ್ಧ ಜನ ಬೆಲೆ ಕಡಿಮೆ ಬರೆದೇ ತರುತ್ತಾರೆ. ಅವಳು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಮೇಲಿಂದ ಕೆಳಗೆ ಒಮ್ಮೆ ನೋಡಿ, ಅವರ ಕಡೆಗೇ ವಾಪಸು ತಳ್ಳುತ್ತಾಳೆ.

ಮೊನ್ನೆ ಒಬ್ಬ ವಾಲಿಬಾಲ್ ಮೇಷ್ಟ್ರು, "ಎಲ್ಲರೂ ಹೀಗೇ ಬರೀತಾರಲ್ಲಕ್ಕ, ನಾನೊಬ್ಬನೇ ಯಾಕೆ ಸರಿಯಾಗಿ ಬರೀಬೇಕು?" ಎಂದು ಕೇಳಿದನಂತೆ.

"ನೀನು ಎಲ್ಲರ ಹಾಗೆ ಇದ್ದೀಯ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ" ಎಂದಳಂತೆ ಸಿನಿವಾ. "ಅದನ್ನ ಬರವಣಿಗೇಲೂ ಯಾಕೆ ಕೊಡ್ತೀಯ? ತಗೋ, ಇನ್ನೊಂದು ಹಾಳೆ."